ಮಾಲಿಯಮ್ಮನ ಕೆಸುವೂ ಡಾಕ್ಟರ ‘ನೋಡೋಣ’ವೂ

ನಮ್ಮ ಮೇಲಿನ ಮನೆಯ ವಸಂತಿಯವರು ಉಡುಪಿ ಕಡೆಯವರು. ಮಳೆ ಹಿಡಿದುಕೊಂಡರೆ ಸಾಕು, ಎಲ್ಲಿಂದಲೋ ಕೆಸುವಿನ ಎಲೆ ತರಿಸಿ ಪತ್ರೊಡೆ ಮಾಡುತ್ತಾರೆ. ಮೊನ್ನೆ ಕಾಲೇಜು ಮುಗಿಸಿ ಮೆಟ್ಟಿಲು ಹತ್ತುತ್ತಿದ್ದೆ, ಎಲೆ ಹಬೆಯಲ್ಲಿ ಬೇಯುವ ಆ ಮಣ್ಣು ಮಣ್ಣು ವಾಸನೆ ಮೂಗಿಗೆ ಬಡಿಯಿತು. ಅಷ್ಟೇ. ಮೈಸೂರಿನ ಸರಸ್ವತಿಪುರಂನಲ್ಲಿ ನಿಂತಿದ್ದವಳು ಬರ್ಮಿಂಗ್‌ಹ್ಯಾಮ್‌ನ ಬೇರ್‌ವುಡ್‌ನಲ್ಲಿ, ಮಾಲಿಯಮ್ಮನ ಅಡುಗೆಮನೆಯಲ್ಲಿದ್ದೆ. ಸ್ವಲ್ಪ ಹೊತ್ತಿಗೆ ವಸಂತಿಯವರು ತಟ್ಟೆ ತಂದುಕೊಟ್ಟರು. ಒಂದು ತುಂಡು ತಿಂದೆ, ಎರಡನೆಯದು ಇಳಿಯಲಿಲ್ಲ. “ಎಂತ, ಗಂಟಲು ತುರಿಸ್ತದಾ?” ಅಂದರು ಗಾಬರಿಯಾಗಿ. ಹೌದು ಅಂದುಬಿಟ್ಟೆ. ಪಾಪ, ಅವರು ಹುಣಸೆಹುಳಿ ಸರಿಯಾಗಿಯೇ ಹಾಕಿದ್ದರು.

ನಾನು ಸಮಾಜಶಾಸ್ತ್ರ ಪಾಠ ಹೇಳುವವಳು. ಕೆಲವು ವರ್ಷಗಳ ಹಿಂದೆ, ನನ್ನ ವಾರಿಗೆಯವರೆಲ್ಲ ಮಕ್ಕಳ ಮದುವೆ ಮಾತಾಡುತ್ತಿದ್ದಾಗ, ನಾನು ರಜೆ ಹಾಕಿ ಇನ್ನೊಂದು ಎಂ.ಎ. ಮಾಡಲು ಬರ್ಮಿಂಗ್‌ಹ್ಯಾಮ್‌ಗೆ ಹೋದೆ. “ಈ ವಯಸ್ಸಲ್ಲಿ ಬೇಕಿತ್ತಾ ಸುಮಿತ್ರಾ?” ಎಂದು ಪ್ರಿನ್ಸಿಪಾಲರು ಕೇಳಿದ್ದರು. ಬೇಕಿತ್ತು. ಅದಕ್ಕೇ ಹೋದೆ. ಅಲ್ಲಿನ ಕನ್ನಡದವರೊಬ್ಬರ ಮೂಲಕ ಡಾಕ್ಟರ್ ಚಂದ್ರಮೌಳಿಯವರ ಪರಿಚಯವಾಗಿ, ಅವರ ಮನೆಯ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಡಾಕ್ಟರು ತುಮಕೂರಿನವರು, ಅಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ತಾವು ಪಕ್ಕದ ಹಾರ್ಬೋರ್ನ್‌ನಲ್ಲಿದ್ದುಕೊಂಡು ಬೇರ್‌ವುಡ್‌ನಲ್ಲಿ ಈ ಹಳೇ ಇಟ್ಟಿಗೆ ಮನೆಯನ್ನು ಕೊಂಡು ಕೋಣೆ ಕೋಣೆ ಬಾಡಿಗೆಗೆ ಕೊಟ್ಟಿದ್ದರು. ಸಾಲುಮನೆ, ಎರಡೂ ಪಕ್ಕದ ಗೋಡೆ ಪಕ್ಕದವರದ್ದೇ. ಅವರು ಕೆಮ್ಮಿದರೆ ನಾವು ಉಪ್ಪುನೀರು ಮುಕ್ಕಳಿಸಬೇಕು.

ನನ್ನ ಎದುರಿನ ಕೋಣೆಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸಿದ್ದಳು. ಮೊದಲ ದಿನವೇ ಕೈ ಚಾಚಿ, ನಗುನಗುತ್ತಾ, “ಐ ಆಮ್ ಲೂಸ್” ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಹೆಸರೇ ಅದು! ಸ್ಪ್ಯಾನಿಷಿನಲ್ಲಿ ಬೆಳಕು ಎಂದರ್ಥವಂತೆ. ನಮ್ಮಲ್ಲಿ ಏನರ್ಥ ಎಂದು ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, “ನಿಮ್ಮ ಅರ್ಥವೇ ಸರಿ” ಅಂದಳು. ಎಕ್ವಡಾರಿನ ಕರಾವಳಿಯಲ್ಲಿ ಹುಟ್ಟಿ, ಸ್ಪೇನಿನಲ್ಲಿ ಬೆಳೆದು, ಬರ್ಮಿಂಗ್‌ಹ್ಯಾಮ್‌ನ ಆಸ್ಪತ್ರೆಯೊಂದರಲ್ಲಿ ಕ್ಲೀನಿಂಗ್ ಕೆಲಸಕ್ಕೆ ಬಂದವಳು.

ಕೆಳಗಿನ ಹಿಂದುಗಡೆ ಕೋಣೆಯಲ್ಲಿ ಮಾಲಿಯಾ. ಅರವತ್ತು ದಾಟಿದ, ದಪ್ಪನೆಯ, ನಿಧಾನದ ಹೆಂಗಸು. ಹವಾಯಿಯವರು, ಅಲ್ಲಿನ ಮೂಲನಿವಾಸಿಗಳು. ಹಡಗಿನ ಎಂಜಿನ್ ರೂಮಿನಲ್ಲಿದ್ದ ರಾನ್ ಎಂಬ ಬರ್ಮಿಂಗ್‌ಹ್ಯಾಮ್‌ನವನನ್ನು ಮದುವೆಯಾಗಿ ಈ ಮನೆಗೇ ಸೊಸೆಯಾಗಿ ಬಂದವರು. ಆಗ ಇಡೀ ಮನೆಯನ್ನು ರಾನ್ ಮನೆಯವರೇ ಬಾಡಿಗೆಗೆ ಹಿಡಿದಿದ್ದರು. ಮಕ್ಕಳಿಲ್ಲ. ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಬಡಿಸುತ್ತಿದ್ದರು. ರಾನ್ ತೀರಿಕೊಂಡ ಮೇಲೆ ಮನೆ ಡಾಕ್ಟರ ಕೈಗೆ ಬಂತು, ಮಾಲಿಯಾಗೆ ಒಂದು ಕೋಣೆ ಉಳಿಯಿತು. ಅಷ್ಟು ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಗೆ ಏಳಲಿಲ್ಲ, ಮಾಲಿಯಮ್ಮ ಅಂದೆ. ಅಮ್ಮ ಎಂದರೇನು ಎಂದು ಕೇಳಿ ತಿಳಿದುಕೊಂಡು, ಆಮೇಲೆ ಹಾಗೆ ಕರೆದರೆ ಮಾತ್ರ ಓಗೊಡುತ್ತಿದ್ದರು.

ಹವಾಯಿ ಎಂದರೆ ನನಗೆ ಗೊತ್ತಿದ್ದದ್ದು ಹವಾಯಿ ಚಪ್ಪಲಿ ಒಂದೇ. ಅದೇ ಚಪ್ಪಲಿ ಮೆಟ್ಟಿಕೊಂಡು ಮನೆಯೊಳಗೆಲ್ಲ ಓಡಾಡುತ್ತಿದ್ದೆ. “ಇದಕ್ಕೆ ನಮ್ಮಲ್ಲಿ ನಿಮ್ಮೂರಿನ ಹೆಸರು” ಅಂದಾಗ ಮಾಲಿಯಮ್ಮ ನನ್ನ ಕಾಲನ್ನೇ ನೋಡಿದರು. “ನಮ್ಮೂರನ್ನ ಎಲ್ಲರೂ ಎಲ್ಲೆಲ್ಲೋ ಹಾಕ್ಕೊಂಡಿದ್ದಾರೆ, ನೀವು ಕಾಲಿಗೆ ಹಾಕ್ಕೊಂಡ್ರಾ?” ಅಂದರು. ನಕ್ಕರೋ ಬೈದರೋ ಗೊತ್ತಾಗಲಿಲ್ಲ.

ವಿಶ್ವವಿದ್ಯಾಲಯದಲ್ಲಿ ನನ್ನ ಗೈಡ್, ಒಬ್ಬ ಇಂಗ್ಲಿಷ್ ಹೆಂಗಸು, ಮೊದಲ ಭೇಟಿಯಲ್ಲಿ ಯಾರ ಜೊತೆ ಇದ್ದೀ ಎಂದು ಸುಮ್ಮನೆ ಕೇಳಿದರು. ನಾನು ಬಾಯಿಬಡುಕಿ, ಇಬ್ಬರ ಕಥೆಯನ್ನೂ ಒದರಿದೆ. ಆಕೆಯ ಕಣ್ಣು ಅರಳಿತು. ಮೊದಲ ಟರ್ಮಿನ ದೊಡ್ಡ ಪ್ರಬಂಧಕ್ಕೆ ವಿಷಯ ಅಲ್ಲೇ ಗೊತ್ತಾಗಿಹೋಯಿತು: ಅಮೆರಿಕದ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ನುಡಿಯ, ಮತ್ತು ಹವಾಯಿ ಸಮುದಾಯಗಳ ಸಾಮಾಜಿಕ, ಆರ್ಥಿಕ ಸ್ಥಿತಿಗತಿಗಳ ತುಲನೆ. ಅಂಕಿಅಂಶಗಳೆಲ್ಲ ಸಿದ್ಧವಾಗಿವೆ, ಓದಿ ಬರೆ ಅಂದರು. ನಾನು ಉತ್ಸಾಹದಿಂದ, ಮನೆಯಲ್ಲಿರುವ ಇಬ್ಬರನ್ನೂ ಮಾತಾಡಿಸಿ ಒಂದು ಅಧ್ಯಾಯ ಬರೆಯಲಾ ಎಂದೆ. “ಛೆ ಛೆ, ಅದು ಅಡುಗೆಮನೆ ಮಾತು. ಅವರಿರೋದು ಬರ್ಮಿಂಗ್‌ಹ್ಯಾಮ್‌ನಲ್ಲಿ, ನಿನ್ನ ವಿಷಯ ಇರೋದು ಅಮೆರಿಕದಲ್ಲಿ” ಅಂದುಬಿಟ್ಟರು. ವಿಷಯ ಹುಟ್ಟಿದ್ದೇ ಆ ಅಡುಗೆಮನೆಯಲ್ಲಿ, ಈಗ ಅದಕ್ಕೇ ಒಳಗೆ ಪ್ರವೇಶವಿಲ್ಲ.

ಹಾಗಾಗಿ ಆ ಚಳಿಗಾಲವೆಲ್ಲ ನಾನು ಲ್ಯಾಪ್‌ಟಾಪಿನಲ್ಲಿ ಒಂದು ತುಲನೆ ಬರೆಯುತ್ತಿದ್ದೆ, ಅಡುಗೆಮನೆಯಲ್ಲಿ ಇನ್ನೊಂದು ನಡೆಯುತ್ತಿತ್ತು. ಸಂಜೆ ನಾಲ್ಕಕ್ಕೇ ಕತ್ತಲು. ಕಿಟಕಿಯ ಒಳಗಡೆಯೇ ನೀರು ಇಳಿಯುತ್ತಿತ್ತು. ಅಲಮಾರಿನ ಹಿಂದೆ ಕಪ್ಪು ಬೂಷ್ಟು. ಬಿಸಿ ಇದ್ದದ್ದು ಬಾಯ್ಲರ್ ಇದ್ದ ಅಡುಗೆಮನೆಯೊಂದರಲ್ಲೇ, ಮೂವರೂ ಅಲ್ಲೇ ಠಿಕಾಣಿ. ನಾನು ‘ಹಿಸ್ಪಾನಿಕ್’ ಎಂದು ಟೈಪು ಮಾಡುತ್ತಿದ್ದರೆ ಲೂಸ್ ಹಿಂದಿನಿಂದ ಇಣುಕಿ ರೇಗುತ್ತಿದ್ದಳು.

“ನಾನು ಯಾವತ್ತೇ ಹಿಸ್ಪಾನಿಕ್ ಆಗಿದ್ದೆ? ಊರಲ್ಲಿ ಮೀನುಗಾರನ ಮಗಳು. ಸ್ಪೇನಲ್ಲಿ ವಲಸೆಯವಳು. ಇಲ್ಲಿ ಅರ್ಜಿಯಲ್ಲಿ ಜನಾಂಗ ತುಂಬುವಾಗ ನನಗೆ ಒಂದು ಚೌಕಾನೂ ಇಲ್ಲ, ‘ಇತರೆ’ ಅಂತ ಹಾಕ್ತೀನಿ. ಹಿಸ್ಪಾನಿಕ್ ಆಗಿರೋದು ನಿನ್ನ ಲ್ಯಾಪ್‌ಟಾಪಲ್ಲಿ ಮಾತ್ರ.”

“ನಾನೂ ಇತರೆಯೇ” ಅಂದರು ಮಾಲಿಯಮ್ಮ, ಸೊಪ್ಪು ಬಿಡಿಸುತ್ತಾ.

ಇಂಡಿಯನ್ ಎಂದು ನನಗೊಂದು ಚೌಕ ಇತ್ತು. ಅದಕ್ಕೆ ನನಗೆ ಸಣ್ಣ ನಾಚಿಕೆಯಾಯಿತು.

ನಾವು ಮೂವರೂ ಹತ್ತಿರವಾದದ್ದು ಕೆಸುವಿನಿಂದ. ಮಾಲಿಯಮ್ಮ ಅಡುಗೆಮನೆಯ ಕಿಟಕಿಯ ಬಳಿ ಮೂರು ಕುಂಡಗಳಲ್ಲಿ ಏನೋ ಗಿಡ ಸಾಕಿದ್ದರು. ಎಲೆ ನೋಡಿದ್ದೇ, “ಅಯ್ಯೋ, ಕೆಸು!” ಎಂದು ಕೂಗಿದೆ. ಅವರು ಕಲೋ ಅಂದರು. ಲೂಸ್ ಬಂದು ನೋಡಿ, “ಇದು ಪಾಪಾ ಚೀನಾ, ನಮ್ಮೂರಲ್ಲಿ ಗೆಡ್ಡೆ ತಿಂತೀವಿ” ಅಂದಳು. ಪಕ್ಕದ ಸ್ಮೆದಿಕ್‌ನ ಪಂಜಾಬಿ ಅಂಗಡಿಯಿಂದ ಗೆಡ್ಡೆ ತಂದು ನೆಟ್ಟದ್ದಂತೆ. ಹವಾಯಿಯವರಿಗೆ ಕಲೋ ಬರೀ ತರಕಾರಿಯಲ್ಲ. ಅವರ ಪುರಾಣದಲ್ಲಿ ಮೊದಲು ಹುಟ್ಟಿದ ಮಗು ಸತ್ತೇ ಹುಟ್ಟಿತು, ಅದನ್ನು ಹೂತ ಜಾಗದಲ್ಲಿ ಕಲೋ ಎದ್ದಿತು, ಆಮೇಲೆ ಹುಟ್ಟಿದವನು ಮನುಷ್ಯ. ಹಾಗಾಗಿ ಕೆಸು ಮನುಷ್ಯನ ಅಣ್ಣ.

“ಅಣ್ಣನನ್ನೇ ಬೇಯಿಸಿ ತಿಂತೀರಲ್ಲ ಮಾಲಿಯಮ್ಮ!”

“ತಮ್ಮಂದಿರಿಗೆ ಊಟ ಹಾಕೋದು ಅಣ್ಣನ ಕೆಲಸ ತಾನೇ?”

ಆದರೆ ಮನೆಯ ಮೂರು ಗಿಡಗಳ ಎಲೆ ಒಂದನ್ನೂ ಅವರು ಕೀಳುತ್ತಿರಲಿಲ್ಲ. ಅಡುಗೆಗೆ ಬೇಕಾದ ಎಲೆ ಕರಿಯರ ಅಂಗಡಿಯಿಂದ ಬರುತ್ತಿತ್ತು, ತೆಂಗಿನಹಾಲಿನಲ್ಲಿ ಗಂಟೆಗಟ್ಟಲೆ ಬೇಯುತ್ತಿತ್ತು. ಹುಣಸೆ ಹಾಕಿದರೆ ತುರಿಕೆ ಬೇಗ ಹೋಗುತ್ತದೆ ಎಂದು ನಾನು, ಕಾದರೆ ತಾನೇ ಹೋಗುತ್ತದೆ ಎಂದು ಅವರು. ಇನ್ನೊಂದು ಪದ್ಧತಿಯಿತ್ತು. ಕಲೋ ಪಾತ್ರೆಯ ಮುಚ್ಚಳ ತೆರೆದಿರುವಾಗ ಯಾರೂ ಜಗಳವಾಡಬಾರದು, ಒರಟು ಮಾತಾಡಬಾರದು. ಅಣ್ಣ ಕೂತಿದ್ದಾನೆ, ಮರ್ಯಾದೆ. ಲೂಸ್ ಫೋನಿನಲ್ಲಿ ಸೂಪರ್‌ವೈಸರನ್ನು ಬೈಯಬೇಕೆಂದಾಗ ಮೊದಲು ಹೋಗಿ ಪಾತ್ರೆ ಮುಚ್ಚುತ್ತಿದ್ದಳು.

ಒಂದು ಸಂಜೆ ಹೀಗೇ ಹವಾಯಿಯ ಮಾತು ಬಂತು. ಊರಿಗೆ ಯಾಕೆ ಹೋಗಬಾರದು ಎಂದು ಕೇಳಿದೆ. “ಎಲ್ಲಿಗೆ?” ಅಂದರು ಮಾಲಿಯಮ್ಮ. ಹೊರಗಿನ ದುಡ್ಡಿನವರು ಬಂದು ಕೊಂಡು ಕೊಂಡು, ಅಲ್ಲಿ ಹುಟ್ಟಿದವರಿಗೇ ಅಲ್ಲಿ ಮನೆ ಹುಟ್ಟುವುದಿಲ್ಲ. ತಂಗಿಯ ಮಕ್ಕಳಲ್ಲಿ ಒಬ್ಬ ಅಮೆರಿಕದ ಮರಳುಗಾಡಿನ ಊರಿಗೆ ಹೋಗಿ ಸೇರಿದ್ದ, ಇನ್ನೊಬ್ಬಳು ಕಡಲತೀರದಲ್ಲಿ ಡೇರೆ ಹಾಕಿಕೊಂಡಿದ್ದಳು. ಹಗಲು ಹೋಟೆಲಿನಲ್ಲಿ ಹಾಸಿಗೆ ಹಾಸುವ ಕೆಲಸ ಅವಳದು. ಲೂಸ್ ಚಮಚ ತಿರುಗಿಸುತ್ತಾ ಕೇಳುತ್ತಿದ್ದಳು. “ನಮ್ಮೂರಲ್ಲಿ ಜಾಗ ಇದೆ, ಸಂಬಳ ಇಲ್ಲ. ಇವರೂರಲ್ಲಿ ಸಂಬಳ ಇದೆ, ಜಾಗ ಇಲ್ಲ. ಬರ್ಕೋ ಸುಮಿ, ನಿನ್ನ ಪ್ರಬಂಧ ಮುಗೀತು” ಅಂದಳು. ನಾನು ನಿಜಕ್ಕೂ ಬರೆದುಕೊಂಡೆ. ಗೈಡ್ ಅದನ್ನು ಹೊಡೆದುಹಾಕಿದರು.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಡಾಕ್ಟರು ಕೊಬ್ಬರಿ ಮಿಠಾಯಿ ಹಿಡಿದುಕೊಂಡು ಬಂದರು. ಕೆಟ್ಟ ಸುದ್ದಿ ಹೇಳಲು ಸಿಹಿ ಹಿಡಿದುಕೊಂಡು ಬರುವವರು ನಾವೊಬ್ಬರೇ ಇರಬೇಕು. ಮಾಲಿಯಮ್ಮ ಅವರಿಗೆಂದೇ ಮಾಂಸ ಹಾಕದೆ ಕಲೋ ಸೊಪ್ಪು ಬೇಯಿಸಿ, ಪಾತ್ರೆ ತೆರೆದು ಮೇಜಿನ ನಡುವೆ ಇಟ್ಟರು. ಡಾಕ್ಟರು ಒಂದು ತುತ್ತು ತಿಂದು, ಗಂಟಲು ಸರಿಮಾಡಿಕೊಂಡು, ಮನೆ ಮಾರುತ್ತಿದ್ದೇನೆ ಎಂದರು. ಫೆಬ್ರವರಿ ಕೊನೆಯೊಳಗೆ ಖಾಲಿಯಾಗಬೇಕು. ಲೂಸ್ ತಲೆ ಮೇಲೆ ಕೈ ಹೊತ್ತುಕೊಂಡಳು. ಮಾಲಿಯಮ್ಮ ಮೆಲ್ಲಗೆ ಕೇಳಿದರು: “ಕೊಳ್ಳುವವರಿಗೆ ಒಂದು ಮಾತು ಹೇಳ್ತೀರಾ ಡಾಕ್ಟರ್? ನನ್ನ ಒಂದು ಕೋಣೆ ನನಗೇ ಬಾಡಿಗೆಗೆ ಬಿಡಲಿ. ಇದು ರಾನ್ ಮನೆ.”

ಡಾಕ್ಟರು ತಟ್ಟೆ ನೋಡುತ್ತಾ, “ವೀ ವಿಲ್ ಸೀ, ಮಾಲಿಯಾ. ವೀ ವಿಲ್ ಸೀ” ಅಂದರು.

ಪಾತ್ರೆ ತೆರೆದಿತ್ತು, ಒರಟಾಗಿ ಏನೂ ಕೇಳುವಂತಿರಲಿಲ್ಲ. ಮುಖದಲ್ಲಿ ನಗು ಇಟ್ಟುಕೊಂಡೇ ಕನ್ನಡದಲ್ಲಿ ಕೇಳಿದೆ. “ಡಾಕ್ಟ್ರೇ, ಆಗುತ್ತಾ?”

“ನೋಡೋಣ ಮೇಡಂ” ಅಂದರು. “ಸೊಪ್ಪು ತುಂಬಾ ಚೆನ್ನಾಗಿದೆ. ನಮ್ಮಜ್ಜಿ ಇದರಲ್ಲೇ ಹುಳಿ ಮಾಡ್ತಿದ್ರು.”

ಕನ್ನಡದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ನೋಡಿಕೊಂಡು ಹೋಗುವವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ‘ನೋಡೋಣ’ ಅಂದರೆ ಆ ಮನೆಯವರು ಬೇರೆ ಗಂಡು ಹುಡುಕಲು ಶುರುಮಾಡುತ್ತಾರೆ. ಗಣೇಶನ ಚಂದಾಕ್ಕೆ ಬಂದವರಿಗೆ ‘ನೋಡೋಣ’ ಅಂದರೆ ಅವರು ಪಕ್ಕದ ಮನೆಗೆ ಹೋಗುತ್ತಾರೆ. ಇಲ್ಲ ಎಂದು ಎದುರಿಗಿರುವವರ ಮುಖಕ್ಕೆ ಹೇಳಲು ನಮಗೆ ಬಾಯಿ ಬರುವುದಿಲ್ಲ, ಅದಕ್ಕೆ ಈ ಮಾತು ಇಟ್ಟುಕೊಂಡಿದ್ದೇವೆ. ಆದರೆ ಅದನ್ನು ಇಂಗ್ಲಿಷಿಗೆ ತಿರುಗಿಸಿದ ಕೂಡಲೇ ಒಳಗಿನ ‘ಇಲ್ಲ’ ಜಾರಿಹೋಗುತ್ತದೆ. ಡಾಕ್ಟರು ಇಲ್ಲ ಎಂದು ಹೇಳಿದ್ದರು. ಮಾಲಿಯಮ್ಮ ಅದನ್ನು ‘ಪ್ರಯತ್ನ ಮಾಡುತ್ತೇನೆ’ ಎಂದು ಕೇಳಿಸಿಕೊಂಡರು.

ಮರುದಿನವೇ ಅವರು ಕೋಣೆಗೆ ಹೊಸ ಪರದೆ ತಂದರು. ಹಾಡು ಗುನುಗುತ್ತಾ ಕುಂಡಗಳಿಗೆ ನೀರು ಹಾಕಿದರು. ಕೌನ್ಸಿಲ್‌ನವರು ಕಡಿಮೆ ಬಾಡಿಗೆಗೆ ಕೊಡುವ ಮನೆಗೆ ಅರ್ಜಿ ಹಾಕೋಣ ಬನ್ನಿ ಎಂದು ಲೂಸ್ ಎಷ್ಟು ಬಡಿದುಕೊಂಡರೂ, “ಡಾಕ್ಟರು ನೋಡ್ತಾರಂತೆ, ಅವರಿಗೆ ಸ್ವಲ್ಪ ಸಮಯ ಕೊಡೋಣ” ಎನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಬಸ್ಸು ಹಿಡಿದು ಹಾರ್ಬೋರ್ನ್‌ಗೆ ಹೋದೆ.

ಡಾಕ್ಟರ ಹೆಂಡತಿ ಗಾಯತ್ರಿ ಬಿಸಿ ಉಪ್ಪಿಟ್ಟು ಕೊಟ್ಟರು. ನಾನು ತಟ್ಟೆ ಪಕ್ಕಕ್ಕಿಟ್ಟೆ.

“ಆ ಹೆಂಗಸು ಆಸೆ ಇಟ್ಕೊಂಡು ಕೂತಿದ್ದಾರೆ ಡಾಕ್ಟ್ರೇ. ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ಬಿಡಿ.”

“ಮುಖಕ್ಕೆ ಹೊಡೆದ ಹಾಗೆ ಹೆಂಗ್ ಹೇಳ್ಲಿ ಮೇಡಂ? ವಯಸ್ಸಾದೋರು. ಅಷ್ಟು ಪ್ರೀತಿಯಿಂದ ಊಟ ಹಾಕಿದ್ರು.”

“ಊಟ ಹಾಕಿದ್ದಕ್ಕೇ ಹೇಳ್ಬೇಕು.”

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನನಗೇನು ಮಾರೋಕೆ ಇಷ್ಟಾನಾ? ಮಾರ್ಟ್‌ಗೇಜ್ ಬಡ್ಡಿ ಏರಿ ಕೂತಿದೆ. ಮಗಳು ಲಂಡನ್‌ನಲ್ಲಿದ್ದಾಳೆ, ಅವಳೂ ಡಾಕ್ಟ್ರೇ. ಅವಳ ಸಂಬಳದಲ್ಲಿ ಅಲ್ಲಿ ಒಂದು ಗೂಡು ತಗೊಳ್ಳೋಕಾಗಲ್ಲ. ನಾನು ಕೈ ಹಿಡೀದಿದ್ರೆ ಯಾರು ಹಿಡೀತಾರೆ? ಕೊಳ್ಳೋರು ಖಾಲಿ ಮನೆ ಬೇಕು ಅಂತಾರೆ. ಮನೆ ಮಾರೋ ಏಜೆಂಟನ್ನ ಕೇಳಿ ನೋಡ್ದೆ, ಯಾರೂ ಒಪ್ಪಲ್ಲ ಅಂದ್ರು.”

“ಸುಮಿತ್ರಕ್ಕ, ಇವರು ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ” ಅಂದರು ಗಾಯತ್ರಿ.

ಬೈಯಬೇಕೆಂದೇ ಹೋಗಿದ್ದೆ. ಬೈಯಲು ಅಲ್ಲಿ ಯಾರೂ ಸಿಗಲಿಲ್ಲ. ಹವಾಯಿಯಲ್ಲಿ ಹುಟ್ಟಿದವರಿಗೆ ಹವಾಯಿಯಲ್ಲಿ ಮನೆಯಿಲ್ಲ ಎಂದು ನಾನು ಬರೆಯುತ್ತಿದ್ದೆ, ಇಲ್ಲಿ ಹುಟ್ಟಿದ ಡಾಕ್ಟರ ಮಗಳಿಗೆ ಇಲ್ಲೇ ಮನೆಯಿಲ್ಲ. ಹೊರಡುವಾಗ ಡಾಕ್ಟರು, “ನೀವೇ ಒಂಚೂರು ಹೇಳ್ಬಿಡಿ ಮೇಡಂ, ನಿಮ್ಮ ಮಾತು ಕೇಳ್ತಾರೆ” ಅಂದರು. ಆರಿದ ಉಪ್ಪಿಟ್ಟನ್ನು ಗಾಯತ್ರಿ ಡಬ್ಬಿಗೆ ಹಾಕಿಕೊಟ್ಟರು.

ಹೇಳಿದೆ. ಅಡುಗೆಮನೆಯಲ್ಲಿ, ಪಾತ್ರೆಗಳೆಲ್ಲ ಮುಚ್ಚಿವೆಯಾ ಎಂದು ನೋಡಿಕೊಂಡು ಹೇಳಿದೆ. ನೋಡೋಣ ಎಂದರೇನು, ಹೆಣ್ಣು ನೋಡಲು ಬಂದವರು ಹೇಗೆ ಹೇಳುತ್ತಾರೆ, ಚಂದಾ ಹೇಗೆ, ಎಲ್ಲ. ನನ್ನ ರಜೆಯ ಅರ್ಜಿಗೆ ಪ್ರಿನ್ಸಿಪಾಲರು ವರ್ಷಗಟ್ಟಲೆ ಹೇಗೆ ನೋಡೋಣ ಅಂದರು, ಕೊನೆಗೆ ಇಲ್ಲ ಎಂದು ಬಾಯಿಬಿಟ್ಟು ಹೇಳಿಸಿಕೊಂಡು ನಾನು ಹೇಗೆ ಮೇಲಿನವರ ಹತ್ತಿರ ಹೋದೆ, ಅದನ್ನೂ ಹೇಳಿದೆ. ಮಾಲಿಯಮ್ಮ ಮೊದಲು ನಕ್ಕರು. “ನೋ-ಡೋ-ನಾ” ಎಂದು ಹೇಳಿ ನೋಡಿದರು. ನಾ ಅಲ್ಲ, ಣ, ನಾಲಗೆ ಮಡಚಬೇಕು ಎಂದು ನಾನು, ಅಲ್ಲೂ ಮೇಷ್ಟರಗಿತ್ತಿ, ತಿದ್ದಿದೆ. ಆಮೇಲೆ ಅವರ ಮುಖ ಮೆಲ್ಲಗೆ ಇಳಿಯಿತು.

“ಅವರು ನನಗೆ ಹೇಳಿದ್ದು ಇಂಗ್ಲಿಷಿನಲ್ಲಿ, ಅಲ್ವಾ ಸುಮಿ?”

“ಹೌದು.”

“ನಾನೂ ಇಂಗ್ಲಿಷಿನಲ್ಲೇ ಕೇಳಿಸಿಕೊಂಡೆ. ಹಾಗೇ ಇರಲಿ ಬಿಡು.”

ಅಷ್ಟು ಹೇಳಿ ಎದ್ದು ಕುಂಡದ ಎಲೆ ಒರೆಸತೊಡಗಿದರು. ನಾನು ಇನ್ನೇನು ಮಾಡಲಿ? ಗೊತ್ತಿಲ್ಲದವರಿಗೆ ತಿಳಿಸಬಹುದು. ಗೊತ್ತಾಗುವುದೇ ಬೇಡ ಎಂದವರನ್ನು ಏನು ಮಾಡುವುದು? ಅಳು ಬಂತು, ಬಚ್ಚಲಿಗೆ ಹೋಗಿ ಅತ್ತೆ.

ಜನವರಿಯಲ್ಲಿ ಮನೆ ತೋರಿಸುವುದು ಶುರುವಾಯಿತು. ಒಂದು ದಿನ ನಾವು ಮೂವರೂ ಇಲ್ಲದಾಗ ಏಜೆಂಟ್ ಫೋಟೋ ತೆಗೆಯಲು ಬಂದಿದ್ದಳಂತೆ. ಕಿಟಕಿ ಚೊಕ್ಕಟವಾಗಿ ಕಾಣಲಿ ಎಂದು ಕುಂಡಗಳನ್ನು ಹಿತ್ತಲಿಗೆ ಇಟ್ಟು, ಒಳಗಿಡಲು ಮರೆತು ಹೋಗಿದ್ದಳು. ಮಾಲಿಯಮ್ಮ ಆ ವಾರ ಜ್ವರದಲ್ಲಿದ್ದ ಗೆಳತಿಯ ಮನೆಯಲ್ಲಿದ್ದರು. ನಾನೂ ಲೂಸೂ ಮನೆಗೆ ಬಂದಾಗ ಕತ್ತಲಾಗಿತ್ತು, ಬಾಯ್ಲರ್ ಹಚ್ಚುವ ಗಡಿಬಿಡಿಯಲ್ಲಿ ಕಿಟಕಿಯ ಕಡೆ ನೋಡಲಿಲ್ಲ. ಬೆಳಿಗ್ಗೆ ಹಿತ್ತಲೆಲ್ಲ ಬೆಳ್ಳಗೆ ಹಿಮ ಕೂತಿತ್ತು. ಎಲೆಗಳು ಬೆಂದ ಹಾಗೆ ಕಪ್ಪಾಗಿ ಕುಂಡದ ಅಂಚಿಗೆ ಅಂಟಿಕೊಂಡಿದ್ದವು. ಲೂಸ್ ಅವುಗಳನ್ನು ಎತ್ತಿಕೊಂಡು ಬಂದು ಬಾಯ್ಲರಿನ ಪಕ್ಕ ಇಟ್ಟು, ಸ್ಪ್ಯಾನಿಷಿನಲ್ಲಿ ಏನೇನೋ ಬೈಯುತ್ತಾ ಕೂತಳು. ಮಾಲಿಯಮ್ಮ ಬಂದವರು ಕೋಟು ಕೂಡ ತೆಗೆಯದೆ ಮಣ್ಣಿನೊಳಗೆ ಬೆರಳು ಇಳಿಸಿ ಗೆಡ್ಡೆ ಮುಟ್ಟಿ ನೋಡಿದರು. ಮೂರನ್ನೂ ನೋಡಿದರು. ಮೆತ್ತಗಾಗಿ ಕೊಳೆತಿದ್ದವು. ಬೆರಳು ಒರೆಸಿಕೊಂಡು, “ಚಳಿ ಅಂತ ಅವನಿಗೆ ಹೇಳೋಕೆ ಆಗಲಿಲ್ಲ ಪಾಪ” ಅಂದರು. ಅವನು ಅಂದದ್ದು ಅಣ್ಣನಿಗೆ.

ಅಂದಿನಿಂದ ಅವರು ಸಾಮಾನು ಕಟ್ಟತೊಡಗಿದರು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಪರದೆ ಮೊದಲು ಇಳಿಯಿತು.

ಲೂಸ್ ಹೋದದ್ದು ಒಂದು ಭಾನುವಾರ. ಅವಳ ಚರ್ಚಿನವರು, ಸೋದರ ಸಂಬಂಧಿಗಳು, ಅವರ ಗೆಳೆಯರು, ಗುಂಪು ಗುಂಪಾಗಿ ಬಂದರು. ಗದ್ದಲ, ನಗು, ಒಂದು ದೊಡ್ಡ ಪಾತ್ರೆ ಅನ್ನ. ಒಂದು ಗಂಟೆಯಲ್ಲಿ ಹಾಸಿಗೆ, ಟಿವಿ, ಬಟ್ಟೆ ಎಲ್ಲ ವ್ಯಾನಿಗೇರಿತು. ಸ್ಮೆದಿಕ್‌ನಲ್ಲಿ ಒಂದೇ ಕೋಣೆಯಲ್ಲಿ ಮೂವರು ಇರುವುದೆಂದು ಏರ್ಪಾಡಾಗಿತ್ತು. ನೀವೂ ಬನ್ನಿ, ಹೇಗೋ ಹೊಂದಿಸೋಣ ಎಂದು ಅವಳು ಮಾಲಿಯಮ್ಮನ ಕೈ ಹಿಡಿದುಕೊಂಡು ಗೋಗರೆದಳು. ಹೊಂದಿಸಲು ಜಾಗವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬಡತನದಲ್ಲೂ ಲೂಸ್‌ಗೆ ಒಂದು ವ್ಯಾನು ತುಂಬ ಜನರಿದ್ದರು. ಮಾಲಿಯಮ್ಮನಿಗೆ ಇಡೀ ಊರಿನಲ್ಲಿ ತನ್ನ ದ್ವೀಪದ ಒಂದು ನರಪಿಳ್ಳೆಯೂ ಇರಲಿಲ್ಲ. ಆ ತುಲನೆ ಯಾವ ಕೋಷ್ಟಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಕೊನೆಯ ಅಧ್ಯಾಯದಲ್ಲಿ ಎರಡೂ ಸಮುದಾಯಗಳ ವಸತಿ ಸಮಸ್ಯೆಗೆ ಪರಿಹಾರಗಳನ್ನು ಸೂಚಿಸಿದ್ದೆ. ಬಹಳ ಪ್ರಾಯೋಗಿಕವಾಗಿವೆ ಎಂದು ಗೈಡ್ ಅಂಚಿನಲ್ಲಿ ಬರೆದಿದ್ದರು. ಓದಿ ನನಗೆ ಮೈ ಉರಿಯಿತು. ನಾನಿದ್ದ ಮನೆಯ ಒಂದು ಕೋಣೆಗೆ ನನ್ನ ಬಳಿ ಪರಿಹಾರವಿರಲಿಲ್ಲ. ನನಗೆ ಮಾತ್ರ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು, ಅಲ್ಲಿ ಅತಿಥಿಗಳು ಉಳಿಯುವಂತಿರಲಿಲ್ಲ.

ಕೌನ್ಸಿಲ್ ಮನೆಯ ಸರದಿಗೆ ಆಗಲೇ ತಡವಾಗಿತ್ತು. ಕೊನೆಗೆ ಹಲ್ ಎಂಬ ಊರಿನಲ್ಲಿದ್ದ ರಾನ್‌ನ ಅಣ್ಣನ ಮಗಳು, ಸ್ವಲ್ಪ ದಿನದ ಮಟ್ಟಿಗೆ ಬೇಕಾದರೆ ಬರಲಿ, ಸಾಮಾನು ಇಡುವ ಒಂದು ಚಿಕ್ಕ ಕೋಣೆಯಿದೆ ಎಂದಳು. ಮಾಲಿಯಮ್ಮ ಅವಳನ್ನು ನೋಡಿದ್ದು ರಾನ್‌ನ ಅಂತ್ಯಕ್ರಿಯೆಯ ದಿನ ಮಾತ್ರ. “ಅಲ್ಲಿ ಸಮುದ್ರ ಹತ್ತಿರ ಇದೆಯಂತಲ್ಲ?” ಎಂದೆ, ಏನಾದರೂ ಒಳ್ಳೆಯದು ಹೇಳಬೇಕಲ್ಲ ಎಂದು. “ಇದೆ. ಕಂದು ಬಣ್ಣದ್ದು” ಅಂದರು.

ಫೆಬ್ರವರಿಯ ಆ ಬೆಳಿಗ್ಗೆ ಜಿನುಗು ಮಳೆ. ದೂರದ ಊರಿನ ಬಸ್ಸು ನಿಲ್ದಾಣಕ್ಕೆ ಬಿಡಲು ಡಾಕ್ಟರೇ ಕ್ಲಿನಿಕ್ಕಿಗೆ ರಜೆ ಹಾಕಿ ಕಾರು ತಂದಿದ್ದರು. ಮಾಲಿಯಮ್ಮನ ಎರಡು ಸೂಟ್‌ಕೇಸನ್ನು ತಾವೇ ಎತ್ತಿ ಡಿಕ್ಕಿಗಿಟ್ಟರು. ಗಾಯತ್ರಿ ದಾರಿಗೆಂದು ಚಪಾತಿ ಪಲ್ಯ ಕಟ್ಟಿಕೊಟ್ಟಿದ್ದರು. ಮಾಲಿಯಮ್ಮ ಬಾಗಿಲಲ್ಲಿ ನಿಂತು ಒಳಗೆ ಒಮ್ಮೆ ನೋಡಿ, ಬೀಗದ ಕೈಯನ್ನು ಡಾಕ್ಟರ ಅಂಗೈಯಲ್ಲಿಟ್ಟರು. ನಾನು ತಬ್ಬಿಕೊಂಡೆ. ಅವರ ಕೋಟಿನಲ್ಲಿ ಬೆಂದ ಸೊಪ್ಪಿನ ವಾಸನೆ ಇತ್ತು. ಆಮೇಲೆ ಕೆಲವು ಸಲ ಫೋನಿನಲ್ಲಿ ಮಾತಾಡಿದೆವು. ನಾನು ಮೈಸೂರಿಗೆ ಬಂದ ಮೇಲೆ ಆ ನಂಬರಿಗೆ ಕರೆ ಹೋಗದಾಯಿತು. ಲೂಸ್‌ಗೂ ಗೊತ್ತಿಲ್ಲ. ಎಲ್ಲಿದ್ದಾರೋ, ಇದ್ದಾರೋ.

ಆದರೆ ನನಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು ಆ ಬಾಗಿಲು. ಡಾಕ್ಟರಿಗೆ ಸುಮ್ಮನೆ ಇರಲಾಗಲಿಲ್ಲ. ಒದ್ದೆ ಕನ್ನಡಕದ ಹಿಂದಿನಿಂದ, ನಿಜವಾದ ಪ್ರೀತಿಯಿಂದಲೇ, ಇಂಗ್ಲಿಷಿನಲ್ಲಿ ಅಂದರು: “ಬೇಸಿಗೆಗೆ ನೀವು ನಮ್ಮ ಮನೆಗೆ ಬರಲೇಬೇಕು ಮಾಲಿಯಾ. ಬಂದು ನಾಲ್ಕು ದಿನ ಇರಬೇಕು. ಬರ್ತೀರಲ್ಲ?”

ಮಾಲಿಯಮ್ಮ ಅವರ ತೋಳು ತಟ್ಟಿ, ನಕ್ಕು, ಕನ್ನಡದಲ್ಲಿ ಹೇಳಿದರು.

“ನೋಡೋಣ, ಡಾಕ್ಟರ್.”

ಣಕಾರ ಸ್ಪಷ್ಟವಾಗಿತ್ತು. ಡಾಕ್ಟರು ನನ್ನ ಮುಖ ನೋಡಿದರು, ನಾನು ರಸ್ತೆ ನೋಡಿದೆ. ಮಾಲಿಯಮ್ಮ ಹೋಗಿ ಕಾರಿನಲ್ಲಿ ಕೂತು ತಾವೇ ಬಾಗಿಲು ಎಳೆದುಕೊಂಡರು.